4 ವರ್ಷದ ಮಗುವಿಗೂ 80ರ ಅಜ್ಜಿಗೂ ಒಟ್ಟಿಗೆ ಬೆಂಕಿಯ ಪಾಠ ಹೇಳಿಕೊಡೋದು ಹೇಗೆ?

ವಸತಿ ಸಂಘದವರು ಬೆಂಕಿ ಸುರಕ್ಷತೆಯ ಕಾರ್ಯಕ್ರಮವನ್ನು ನಿಮ್ಮ ಹೆಗಲಿಗೆ ಹಾಕಿದ್ದಾರೆ. ಇರೋದು ಒಂದು ಗಂಟೆ. ಪುಟಾಣಿಗಳಿಂದ ಹಿಡಿದು ವಯಸ್ಸಾದವರ ತನಕ ಎಲ್ಲರೂ ಬರುತ್ತಾರೆ. 40 ಸ್ಲೈಡು ಮಾಡಿಟ್ಟುಕೊಂಡಿದ್ದೀರಿ, ಅಷ್ಟು ಸಾಕಾ ಅಂತ ಕೇಳಿದ್ದೀರಿ.

ಸ್ಲೈಡು ಬಿಟ್ಟುಬಿಡಿ. ನಾನು ಸ್ವಯಂಸೇವಕನಾಗಿ ಇಂಥ ತರಬೇತಿಗಳಿಗೆ ಓಡಾಡಲು ಶುರುಮಾಡಿ ಒಂಬತ್ತು ವರ್ಷ ಆಯ್ತು. ಮೊದಮೊದಲು ನಾನೂ ಸ್ಲೈಡೇ ತೋರಿಸುತ್ತಿದ್ದೆ. ಎಲ್ಲರೂ ಚೆನ್ನಾಗಿ ತಲೆ ಆಡಿಸುತ್ತಿದ್ದರು. ಒಂದು ದಿನ ಕೊನೆಯಲ್ಲಿ, "ಸರಿ, ಈಗ ಬೆಂಕಿ ಬಿದ್ದಿದೆ, ಹೊರಡಿ" ಅಂದೆ. ಅಷ್ಟೂ ಜನ ಬಂದ ಬಾಗಿಲಿಗೇ ಹೋಗಿ ನೂಕಾಡಿದರು. ಹತ್ತು ಹೆಜ್ಜೆ ದೂರದಲ್ಲಿ ಇನ್ನೊಂದು ಬಾಗಿಲು ಪೂರ್ತಿ ತೆರೆದೇ ಇತ್ತು. ತಮಾಷೆ ಅಂದ್ರೆ, ಅದರ ಫೋಟೋ ನನ್ನ ಸ್ಲೈಡಿನಲ್ಲೇ ಇತ್ತು. ಗಾಬರಿಯಾದಾಗ ಜನ ಕೇಳಿದ್ದನ್ನು ಮಾಡೋದಿಲ್ಲ, ರೂಢಿಯಾದದ್ದನ್ನು ಮಾಡುತ್ತಾರೆ. ಹಾಗಾಗಿ ಬಂದವರೆಲ್ಲ ಒಂದಾದರೂ ಕೆಲಸ ಕೈಯಾರೆ ಮಾಡಿ ಹೋಗಬೇಕು.

ಚಿಕ್ಕ ಮಕ್ಕಳಿಂದ ಶುರುಮಾಡಿ. ಬೆಂಕಿ ಕಂಡರೆ ಪುಟ್ಟ ಮಕ್ಕಳು ಎಷ್ಟೋ ಸಲ ಓಡೋದಿಲ್ಲ, ಅಡಗಿಕೊಳ್ಳುತ್ತಾರೆ. ಮಂಚದ ಕೆಳಗೆ, ಬೀರುವಿನೊಳಗೆ. ಹುಡುಕಿಕೊಂಡು ಬಂದ ಅಗ್ನಿಶಾಮಕ ಸಿಬ್ಬಂದಿಯನ್ನು ನೋಡಿದರೆ ಇನ್ನೂ ಒಳಗೆ ಸರಿಯುತ್ತಾರೆ. ತಪ್ಪು ಅವರದ್ದಲ್ಲ. ಮುಖ ಕಾಣದ ಮುಖವಾಡ, ಬೆನ್ನ ಮೇಲೆ ಗಾಳಿಯ ಸಿಲಿಂಡರು, ಉಸಿರು ಎಳೆದಾಗೆಲ್ಲ "ಹುಸ್ಸ್... ಕ್ಲಿಕ್" ಅನ್ನುವ ಸದ್ದು. ನಾನು ಕಂಡ ಒಂದು ತರಬೇತಿಯಲ್ಲಿ ಒಬ್ಬರು ಪೂರ್ತಿ ಡ್ರೆಸ್ಸಿನಲ್ಲೇ ಒಳಗೆ ಬಂದುಬಿಟ್ಟರು. ಮುಂದಿನ ಸಾಲು ಹೋ ಅಂತ ಅಳೋಕೆ ಶುರು. ಮುಂದಿನ ಸಲ ಅವರೇ ನೆಲದ ಮೇಲೆ ಕೂತು, ಬೂಟು, ಕೋಟು, ಹೆಲ್ಮೆಟ್ಟು ಅಂತ ಒಂದೊಂದಾಗಿ ಹಾಕಿಕೊಂಡರು. ಮುಖವಾಡ ಹಾಕಿಕೊಂಡ ಮೇಲೂ ಮಾತಾಡುತ್ತಲೇ ಇದ್ದರು. ಒಬ್ಬಳು ಪುಟ್ಟ ಹುಡುಗಿ ಗಾಜಿನ ಮೇಲೆ ಬೆರಳಿಟ್ಟು "ಮಾಮ ಒಳಗೇ ಇದಾನೆ" ಅಂದಳು. ನಿಮ್ಮ ಹತ್ತಿರದ ಅಗ್ನಿಶಾಮಕ ಠಾಣೆಯವರನ್ನು ಕರೆಯುವಾಗ ಹೀಗೇ ಮಾಡಿ ಅಂತ ಮೊದಲೇ ಹೇಳಿಡಿ.

ಆಮೇಲೆ ಒಂದು ಹಾಸಿಗೆ ಹೊದಿಕೆ ತೆಗೆದುಕೊಂಡು, ಇಬ್ಬರು ಸೊಂಟದ ಮಟ್ಟಕ್ಕೆ ಹಿಡಿಯಿರಿ. ಅದೇ ಹೊಗೆ. ಮಕ್ಕಳು ಅದರ ಕೆಳಗೆ ಅಂಬೆಗಾಲಿಡಲಿ. ಅವರು ಆಡುತ್ತಿರುವಾಗಲೇ ದೊಡ್ಡವರ ಕಡೆ ತಿರುಗಿ ಹೇಳಿ: ಬೆಂಕಿಗಿಂತ ಜಾಸ್ತಿ ಜನರನ್ನು ಕೊಲ್ಲೋದು ಹೊಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರನ್ನು ಹೊಗೆಯ ವಾಸನೆ ಎಬ್ಬಿಸುತ್ತದೆ ಅನ್ನೋದು ಸುಳ್ಳು. ಎಬ್ಬಿಸೋದು ಹೊಗೆ ಬಂದರೆ ಬಡಿದುಕೊಳ್ಳುವ ಸ್ಮೋಕ್ ಅಲಾರಂ. ತಿಂಗಳಿಗೊಮ್ಮೆ ಅದರ ಬಟನ್ ಒತ್ತಿ ನೋಡಬೇಕು, 10 ವರ್ಷ ಆದ ಮೇಲೆ ಬದಲಿಸಬೇಕು. ಆದರೆ ಗಾಢ ನಿದ್ದೆಯಲ್ಲಿರುವ ಮಕ್ಕಳು ಅಲಾರಂ ಬಡಿದರೂ ಏಳದೆ ಇರಬಹುದು. ಯಾವ ಮಗುವನ್ನು ಯಾರು ಎತ್ತಿಕೊಂಡು ಬರೋದು ಅನ್ನೋದು ಮನೆಯಲ್ಲಿ ಮೊದಲೇ ತೀರ್ಮಾನ ಆಗಿರಲಿ.

ದೊಡ್ಡವರಿಗೆ ಒಂದು ಬಾಣಲೆ, ಒಂದು ಮುಚ್ಚಳ ಸಾಕು. ಒಲೆ ಹಚ್ಚಬೇಡಿ, ತಣ್ಣಗಿನ ಬಾಣಲೆಯಲ್ಲೇ ಅಭ್ಯಾಸ ಆಗಲಿ. ಎಣ್ಣೆ ಹೊತ್ತಿಕೊಂಡರೆ ಮುಚ್ಚಳವನ್ನು ಮೇಲಿಂದ ಎಸೆಯಬಾರದು, ನಮ್ಮ ಕಡೆಯಿಂದ ಆಚೆಗೆ ಗುರಾಣಿ ಥರ ಜಾರಿಸಿ ಮುಚ್ಚಬೇಕು. ಒಲೆ ಆರಿಸಬೇಕು. ತಣ್ಣಗಾಗುವ ತನಕ ಮುಚ್ಚಳ ತೆಗೆಯಬಾರದು, ಬಾಣಲೆ ಎತ್ತಿಕೊಂಡು ಹೊರಗೆ ಓಡಲೂಬಾರದು. ನೀರು ಹಾಕಿದರೆ ಏನಾಗುತ್ತೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನೀರು ಎಣ್ಣೆಯ ತಳಕ್ಕೆ ಇಳಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಸುಮಾರು 1700 ಪಟ್ಟು ಹಿಗ್ಗಿ ಆವಿಯಾಗುತ್ತದೆ. ಮೇಲಿದ್ದ ಉರಿಯುವ ಎಣ್ಣೆಯೆಲ್ಲ ಸೂರಿಗೆ ಹಾರುತ್ತದೆ.

ಅಗ್ನಿಶಾಮಕ ಸಿಲಿಂಡರ್ ಎಲ್ಲರ ಕೈಗೂ ಕೊಡಿ. ಪಿನ್ ಕಿತ್ತು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಆ ಕಡೆ ಈ ಕಡೆ ಬೀಸೋದು. ಬಾಯಿಪಾಠ ಎಲ್ಲರಿಗೂ ಬರುತ್ತೆ, ಕೈ ಸಿಕ್ಕಿಕೊಳ್ಳೋದು ಪಿನ್ನಿನಲ್ಲಿ. ಗಾಬರಿಯಲ್ಲಿ ಹಿಡಿಯನ್ನು ಬಿಗಿಯಾಗಿ ಒತ್ತಿಕೊಂಡೇ ಪಿನ್ ಎಳೆಯುತ್ತಾರೆ, ಆಗ ಅದು ಬರೋದೇ ಇಲ್ಲ. ಹಿಡಿಯನ್ನು ಸಡಿಲ ಬಿಟ್ಟು ಎಳೆದರೆ ಸಲೀಸಾಗಿ ಬರುತ್ತೆ. ಚಿಕ್ಕ ಸಿಲಿಂಡರು 10-20 ಸೆಕೆಂಡಿನಲ್ಲಿ ಖಾಲಿ, ಅದನ್ನೂ ಹೇಳಿ. ಹೊರಗಿನ ಬಾಗಿಲು ಬೆನ್ನ ಹಿಂದೆ ಇದ್ದರೆ ಮಾತ್ರ ಪ್ರಯತ್ನಿಸಬೇಕು. ಇಲ್ಲವಾದರೆ ಹೊರಟುಬಿಡಿ, ಹೋಗ್ತಾ ಬಾಗಿಲು ಎಳೆದುಕೊಳ್ಳಿ. ಮುಚ್ಚಿದ ಬಾಗಿಲು ಹೊಗೆಯನ್ನೂ ಬೆಂಕಿಯನ್ನೂ ತುಂಬಾ ಹೊತ್ತು ತಡೆಯುತ್ತದೆ.

ಹದಿಹರೆಯದವರು ಮೂಲೆಯಲ್ಲಿ ಫೋನ್ ನೋಡ್ತಾ ನಿಂತಿರುತ್ತಾರೆ. ಉಪದೇಶ ಬೇಡ, ಸ್ಟಾಪ್‌ವಾಚ್ ಕೊಟ್ಟು ತಲೆ ಎಣಿಸೋ ಕೆಲಸ ಒಪ್ಪಿಸಿ. ಫೋನನ್ನು ದಿಂಬಿನ ಕೆಳಗೆ ಚಾರ್ಜಿಗೆ ಹಾಕಬೇಡಿ ಅಂತ ನಡುವೆ ಒಂದು ಮಾತು ಹೇಳಿದರೆ ಆಯ್ತು.

ವಯಸ್ಸಾದವರಿಗೆ "ಓಡಿ" ಅನ್ನಬೇಡಿ. ಬೆಂಕಿಗೆ ಸಿಗದವರು ಓಡಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಕನ್ನಡಕ, ಕೋಲು, ಬೀಗದ ಕೈ, ಟಾರ್ಚು, ಇವು ರಾತ್ರಿ ಎಲ್ಲಿರುತ್ತವೆ ಅಂತ ಕೇಳಿ. ಕಣ್ಣು ಮುಚ್ಚಿಕೊಂಡೇ ಕೈಗೆ ಸಿಗುವ ಜಾಗ ಹೇಳಬೇಕು. ಬಟ್ಟೆಗೆ ಬೆಂಕಿ ಹತ್ತಿದರೆ ನಿಂತು, ಬಿದ್ದು, ಹೊರಳಾಡಿ ಅಂತ ಮಕ್ಕಳಿಗೆ ಹೇಳುತ್ತೇವೆ. ಮಂಡಿ ನೋವಿನವರು ಎಲ್ಲಿ ಹೊರಳಾಡುತ್ತಾರೆ? ಅವರಿಗೆ ದಪ್ಪ ಕಂಬಳಿ ಸುತ್ತಿ ಒತ್ತೋದನ್ನು ತೋರಿಸಿ. ಹಾಗೇ, ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಿದವರು ಕೈ ಎತ್ತಿ ಅನ್ನಿ. ಅರ್ಧ ಸಭೆ ಎತ್ತುತ್ತೆ, ನಗ್ತಾರೆ. ಆಗ ಹೇಳಿ: ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಪೇಸ್ಟೂ ಬೇಡ, ಐಸೂ ಬೇಡ.

ಕೊನೆಯ ಹತ್ತು ನಿಮಿಷ ಉಳಿಸಿಕೊಳ್ಳಿ. ವಯಸ್ಸಾದವರಿಗೆ ಮಾತ್ರ ಮೊದಲೇ ಕಿವಿಯಲ್ಲಿ ಹೇಳಿಟ್ಟು, ಉಳಿದವರಿಗೆ ಹೇಳದೆ ಸೀಟಿ ಊದಿ. ಯಾರು ಯಾವ ಬಾಗಿಲಿಂದ ಹೋಗ್ತಾರೆ ಅಂತ ಸುಮ್ನೆ ನೋಡ್ತಾ ನಿಂತುಕೊಳ್ಳಿ. ಹೊರಗೆ ತಲೆ ಎಣಿಸಿದಾಗ ಲೆಕ್ಕ ತಪ್ಪಿದರೆ, ಎಲ್ಲರನ್ನೂ ವಾಪಸ್ ಕರೆದು ಇನ್ನೊಂದು ಸಲ ಮಾಡಿಸಿ.