ಮಳೆ ರಜೆ, ಕರೆಂಟಿಲ್ಲ, ಇಬ್ಬರು ಮಕ್ಕಳು: ಖರ್ಚಿಲ್ಲದೆ ಮನೆಯೊಳಗೆ ಏನು ಆಡಿಸಬಹುದು?

ತೀರ್ಥಹಳ್ಳಿ ಕಡೆಯ ಹಳ್ಳಿಮನೆ, ಜೋರು ಮಳೆಗೆ ಶಾಲೆ ರಜೆ, ಕರೆಂಟ್ ಹೋದರೆ ಬರುವ ಭರವಸೆಯಿಲ್ಲ, ಮಕ್ಕಳಿಗೆ 5 ಮತ್ತು 9 ವರ್ಷ. ಆಟಿಕೆಗೆ ದುಡ್ಡು ಸುರಿಯದೆ ಅವರನ್ನು ಒಳಗೆ ಹಿಡಿದಿಡುವುದು ಹೇಗೆ ಎಂದು ಕೇಳಿದ್ದೀರಿ.

ನಿಮ್ಮ ಕಡೆ ಆಟ ಕೆಡಿಸುವುದು ಬೇಸರಕ್ಕಿಂತ ಹೆಚ್ಚಾಗಿ ಥಂಡಿ. ವಿಡಿಯೋಗಳಲ್ಲಿ ತೋರಿಸುವ ಒಳಾಂಗಣ ಆಟಗಳು ಬಹುಪಾಲು ಒಣ ಹವೆಯ ಊರಿಗೆ ಹೇಳಿದವು. ಆಷಾಢದ ಮಲೆನಾಡಿನಲ್ಲಿ ಬಣ್ಣ ಆರುವುದಿಲ್ಲ, ರಟ್ಟು ಮೆತ್ತಗಾಗುತ್ತದೆ, ಟೇಪು ಗೋಡೆಗೆ ಹಿಡಿಯುವುದಿಲ್ಲ, ನೆಲ ಬೆವರಿದರೆ ಸೀಮೆಸುಣ್ಣ ಮೂಡುವುದಿಲ್ಲ. ಹಾಗಾಗಿ ಬೀಜ, ಕವಡೆ, ದಾರ, ಬಟ್ಟೆ, ನೆರಳು ಇವನ್ನು ನೆಚ್ಚಿಕೊಳ್ಳಿ. ಥಂಡಿ ಇವನ್ನೇನೂ ಮಾಡದು.

ಎಲ್ಲರೂ ಮೊದಲು ಹೇಳುವುದು ಉಪ್ಪಿನ ಹಿಟ್ಟಿನ ಗೊಂಬೆ: ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಒಂದು ಲೋಟ ನೀರು, ಮಾಡಿ ಒಣಗಿಸಿ ಬಣ್ಣ ಹಚ್ಚಿ ಅಂತ. ನಿಮ್ಮಲ್ಲಿ ಅದು ಒಣಗುವುದೇ ಇಲ್ಲ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರೆಳೆದುಕೊಳ್ಳುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ನೀರಾಗುವುದೂ ಇದಕ್ಕೇ. ಗೊಂಬೆ ಎರಡನೇ ದಿನಕ್ಕೆ ಬೆವರಿ, ನಾಲ್ಕನೇ ದಿನಕ್ಕೆ ಕೈಕಾಲು ಕಳಚಿಕೊಳ್ಳುತ್ತದೆ, ಮಾಡಿದ ಮಗು ಅಳುತ್ತದೆ. ಬದಲಿಗೆ ಬೇಯಿಸಿದ ಹಿಟ್ಟು ಮಾಡಿ. ಒಂದು ಲೋಟ ಮೈದಾ, ಕಾಲು ಲೋಟ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಎಣ್ಣೆ, ಒಂದು ಚಮಚ ನಿಂಬೆರಸ. ಎಲ್ಲವನ್ನೂ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ನಾಲ್ಕೈದು ನಿಮಿಷಕ್ಕೆ ತಳ ಬಿಟ್ಟು ಮುದ್ದೆಯಾಗುತ್ತದೆ. ಬೇಗ ಇಳಿಸಿದರೆ ಕೈಗಂಟುತ್ತದೆ, ಹೆಚ್ಚು ಬೆಂದರೆ ಬಿರುಕು ಬಿಡುತ್ತದೆ. ಬಣ್ಣಕ್ಕೆ ಅರಿಸಿನ, ಬೀಟ್‌ರೂಟ್ ರಸ. ಬಸಳೆ ಹಣ್ಣು ಸಿಕ್ಕರೆ ಒಳ್ಳೆಯ ನೇರಳೆ. ಇದು ಎರಡು ದಿನದ ಆಟ, ಇಟ್ಟುಕೊಳ್ಳುವ ವಸ್ತುವಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿ. ಹುಳಿ ವಾಸನೆ ಬಂದ ದಿನ ಗೊಬ್ಬರದ ಗುಂಡಿಗೆ. ನಾಯಿ ಮೂಸದ ಹಾಗೆ ಮಣ್ಣು ಮುಚ್ಚಿ, ಅಷ್ಟು ಉಪ್ಪು ಅದಕ್ಕೆ ಒಳ್ಳೆಯದಲ್ಲ.

ಇಡೀ ಮಳೆಗಾಲಕ್ಕೆ ಒಂದೇ ಆಟ ಆರಿಸಿಕೊಳ್ಳಿ ಎಂದರೆ ನಾನು ಚೌಕಾಬಾರ ಎನ್ನುತ್ತೇನೆ. ಐದರ ಮಗುವಿಗೆ ಎಣಿಕೆ, ಒಂಬತ್ತರದಕ್ಕೆ ಲೆಕ್ಕಾಚಾರ, ಅಜ್ಜಿಗೂ ಒಂದು ಮೂಲೆ. ಮಣೆ ಬೇಕಿಲ್ಲ. ಹಳೆಯ ಪಂಚೆಯ ತುಂಡಿನ ಮೇಲೆ ಇದ್ದಿಲಲ್ಲಿ ಅಥವಾ ಮಾರ್ಕರಿನಲ್ಲಿ ಐದಕ್ಕೈದು, ಒಟ್ಟು 25 ಮನೆ ಗೀಚಿ. ಒಂದೊಂದು ಮನೆ ನಾಲ್ಕು ಬೆರಳಗಲ ಇರಲಿ, ಚಿಕ್ಕದಾದರೆ ಕಾಯಿಗಳು ಒಂದಕ್ಕೊಂದು ತಾಗಿ ಜಗಳ. ನಾಲ್ಕೂ ಬದಿಯ ನಡುಮನೆಗೆ ಮತ್ತು ಮಧ್ಯದ ಮನೆಗೆ ಕಟ್ಟೆಯ ಗುರುತು. ಒಬ್ಬೊಬ್ಬರಿಗೆ ನಾಲ್ಕು ಕಾಯಿ: ಹುರುಳಿ, ಗುಂಡಿ, ಬಳೆಚೂರು, ಏನಾದರೂ.

ಕವಡೆ ಇಲ್ಲದಿದ್ದರೆ ನಾಲ್ಕು ಹುಣಿಸೆ ಬೀಜ ತೆಗೆದುಕೊಂಡು, ಒರಟು ಕಲ್ಲಿನ ಮೇಲೆ ಒಂದು ಬದಿಯನ್ನು ಬಿಳಿ ಕಾಣುವವರೆಗೆ ತಿಕ್ಕಬೇಕು. ತಿಕ್ಕುವ ಕೆಲಸವನ್ನು ಮಕ್ಕಳಿಗೇ ಬಿಡಿ. ಬೀಜ ಬಿಸಿಯಾಗುತ್ತದೆ, ಅದನ್ನು ಒಬ್ಬರ ಕೈಗೆ ಒಬ್ಬರು ಮುಟ್ಟಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ತಿಕ್ಕಬೇಡಿ, ಬಿಲ್ಲೆಯಂತಾಗಿ ಉರುಳದೆ ಜಾರುತ್ತದೆ. ಬಿಳಿ ಎಷ್ಟು ಮೇಲೆ ಬಿತ್ತೋ ಅಷ್ಟು ಹೆಜ್ಜೆ. ನಾಲ್ಕೂ ಬಿಳಿಯಾದರೆ ನಾಲ್ಕು, ನಾಲ್ಕೂ ಕಂದಾದರೆ ಎಂಟು. ನಾಲ್ಕಕ್ಕೂ ಎಂಟಕ್ಕೂ ಇನ್ನೊಂದು ಆಟ ಉಂಟು.

ನಡಿಗೆ ಹೀಗೆ. ನಿಮ್ಮ ಬದಿಯ ಕಟ್ಟೆಯಿಂದ ಹೊರಟು, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಹೊರಸುತ್ತು 15 ಹೆಜ್ಜೆ, ನಿಮ್ಮ ಕಟ್ಟೆಗೆ ಒಂದು ಮನೆ ಮೊದಲೇ ಒಳಕ್ಕೆ ತಿರುಗಿ, ಮುಳ್ಳಿನ ದಿಕ್ಕಿನಲ್ಲಿ ಒಳಸುತ್ತು 8, ಆಮೇಲೆ ನಡುಮನೆ. ಒಟ್ಟು 24. ಎದುರಾಳಿಯ ಕಾಯಿ ನಿಂತಲ್ಲಿ ನೀವು ಇಳಿದರೆ ಅದು ಕಡಿತ, ಅವರ ಕಾಯಿ ಮೊದಲಿನಿಂದ ಹೊರಡಬೇಕು, ಕಡಿದವರಿಗೆ ಮತ್ತೊಂದು ಆಟ. ಕಟ್ಟೆಯಲ್ಲಿ ಕಡಿಯುವಂತಿಲ್ಲ. ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬುದು ಬಹಳ ಮನೆಗಳ ಕಟ್ಟಳೆ. ಇದೊಂದು ನಿಯಮವನ್ನು ಚಿಕ್ಕದಕ್ಕೆ ಮಾಫಿ ಮಾಡಿ, ಕಾಯಿಯನ್ನೂ ಎರಡಕ್ಕೆ ಇಳಿಸಿ. ಐದು ವರ್ಷದ ಮಗು ಸೋಲನ್ನು ತಡೆದುಕೊಳ್ಳುತ್ತದೆ, ಕೊನೆಯ ಮನೆಯ ಹತ್ತಿರ ಕಡಿಸಿಕೊಂಡು ಮತ್ತೆ ಮೊದಲಿನಿಂದ ಹೊರಡುವುದನ್ನು ತಡೆದುಕೊಳ್ಳುವುದಿಲ್ಲ. ಆಟ ಮುರಿಯುವುದು ಯಾವಾಗಲೂ ಅಲ್ಲೇ.

ದೊಡ್ಡದಕ್ಕೆ ಇನ್ನೊಂದು ಕೆಲಸ ಕೊಡಿ: ಬೀಜಗಳನ್ನು 160 ಸಲ ಎಸೆದು ಯಾವುದು ಎಷ್ಟು ಸಲ ಬಿತ್ತು ಎಂದು ಗೆರೆ ಹಾಕಲಿ. ಎರಡೂ ಬದಿ ಸಮನಾಗಿ ಬೀಳುವ ಬೀಜವಾದರೆ ಎರಡು ಸುಮಾರು 60 ಸಲ, ಒಂದು ಮತ್ತು ಮೂರು ತಲಾ 40ರ ಆಸುಪಾಸು, ನಾಲ್ಕು ಮತ್ತು ಎಂಟು ತಲಾ 10ರ ಆಸುಪಾಸು ಬರಬೇಕು. ತುಂಬಾ ವ್ಯತ್ಯಾಸ ಬಂದರೆ ಬೀಜವನ್ನು ಒಂದೇ ಕಡೆ ಹೆಚ್ಚು ತಿಕ್ಕಿದ್ದೀರಿ. ನಾಲ್ಕಕ್ಕೂ ಎಂಟಕ್ಕೂ ಇನ್ನೊಂದು ಆಟ ಯಾಕೆ ಕೊಡುತ್ತಾರೆ ಎಂಬುದು ಆ ಪಟ್ಟಿ ನೋಡಿದಾಗ ಮಗುವಿಗೇ ಹೊಳೆಯುತ್ತದೆ.

ಚೆನ್ನೆಮಣೆಯೂ ಹೀಗೇ ಖರ್ಚಿಲ್ಲದ ಆಟ. ಕರಾವಳಿಯಲ್ಲಿ ಆಟಿ (ಮಳೆಗಾಲದ ತುಳು ತಿಂಗಳು) ಎಂದರೆ ಚೆನ್ನೆಮಣೆ ಹೊರಬರುವ ಕಾಲ. ಏಳೇಳು ಗುಳಿಯ ಎರಡು ಸಾಲು, ಗುಳಿಗೆ 4ರಂತೆ 56 ಬೀಜ. ಮಣೆ ಇಲ್ಲದವರು ಮೊಟ್ಟೆಯ ಟ್ರೇ ಕತ್ತರಿಸಿಕೊಳ್ಳಬಹುದು. ಆದರೆ 30 ಮೊಟ್ಟೆಯ ಟ್ರೇಯಲ್ಲಿ ಉದ್ದದ ಸಾಲಿಗೆ ಆರೇ ಗುಳಿ. ಆರಾರಕ್ಕೆ 48 ಬೀಜ ಹಾಕಿ ಆಡಿದರೂ ಆಟ ಚೆನ್ನಾಗಿಯೇ ನಡೆಯುತ್ತದೆ. ಬೀಜದ ವಿಚಾರದಲ್ಲಿ ಮಾತ್ರ ಎಚ್ಚರ. ಈ ಆಟಕ್ಕೆ ಬಳಸುವ ಮಂಜೊಟ್ಟಿ ಬೀಜ ಇಡೀ ಕೆಂಪು. ಕೆಂಪಿಗೆ ಕಪ್ಪು ಚುಕ್ಕೆಯಿರುವುದು ಗುಲಗಂಜಿ, ಅದನ್ನು ಜಗಿದರೆ ಪ್ರಾಣಕ್ಕೇ ಅಪಾಯ. ಅನುಮಾನವಿದ್ದರೆ ಹುಣಿಸೆ ಬೀಜವೇ ಸಾಕು. ಬೀಜ ಯಾವುದಾದರೂ ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ. ಮೂಗಿಗೆ ಹೋದ ಬೀಜ ಒದ್ದೆಯಾಗಿ ಉಬ್ಬಿದರೆ ತೆಗೆಯುವುದು ಕಷ್ಟ.

ಕೂತು ಆಡುವುದು ಅರ್ಧ ಗಂಟೆ ದಾಟಿದರೆ ಕಾಲು ಕುಣಿಯಲು ಶುರು. ಆಗ ಓಡಾಟ ಬೇಕು, ಆದರೆ ಬೆವರಿದ ರೆಡ್ ಆಕ್ಸೈಡ್ ನೆಲದಲ್ಲಿ ಕಾಲುಚೀಲ ಹಾಕಿಕೊಂಡು ಓಡಿದರೆ ತಲೆ ಒಡೆಯುತ್ತದೆ. ಬರಿಗಾಲು, ಕೆಳಗೆ ಗೋಣಿಚೀಲ. ಕುಂಟೆಬಿಲ್ಲೆಯ ಮನೆಗಳಿಗೆ ಗೆರೆಯ ಬದಲು ಹಳೆ ಸೀರೆಯ ಅಂಚನ್ನು ಹರಿದು ಹಾಸಿ, ಬಿಲ್ಲೆಗೆ ಹುರುಳಿ ತುಂಬಿದ ಪುಟ್ಟ ಬಟ್ಟೆಗಂಟು. ಕಲ್ಲಿನ ಬಿಲ್ಲೆ ಜಾರಿ ಮಂಚದಡಿ ಸೇರುತ್ತದೆ, ಗಂಟು ಬಿದ್ದಲ್ಲೇ ಕೂರುತ್ತದೆ. ಇನ್ನೊಂದು, ಪಡಸಾಲೆಯ ಕಂಬದಿಂದ ಕಂಬಕ್ಕೆ ಮೊಣಕಾಲು, ಸೊಂಟ, ಎದೆಯೆತ್ತರಕ್ಕೆ ಉಣ್ಣೆ ದಾರ ಅಡ್ಡಾದಿಡ್ಡಿ ಕಟ್ಟಿ ಗೆಜ್ಜೆ ಪೋಣಿಸಿ. ಸದ್ದಾಗದಂತೆ ನುಸುಳಿ ದಾಟಬೇಕು. ಕುತ್ತಿಗೆಯೆತ್ತರಕ್ಕೆ ಕಟ್ಟಲೇಬೇಡಿ. ಆಟ ಮುಗಿದೊಡನೆ ದಾರ ಬಿಚ್ಚಿ, ಕತ್ತಲಲ್ಲಿ ಹಿರಿಯರು ಎಡವುತ್ತಾರೆ.

ಸಂಜೆಗೆ ನೆರಳಾಟ ಇಟ್ಟುಕೊಳ್ಳಿ. ಕರೆಂಟಿಲ್ಲದಿರುವುದು ಇದಕ್ಕೆ ಅನುಕೂಲವೇ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿ ಕಡೆಯವರೆಗೆ ಯಕ್ಷಗಾನ ಮೇಳಗಳ ತಿರುಗಾಟವಿಲ್ಲ, ಆಟ ನೋಡಿ ಬೆಳೆದ ಮಕ್ಕಳಿಗೆ ಮನೆಯಲ್ಲೇ ಒಂದು ರಂಗಸ್ಥಳ ಸಿಕ್ಕಿದಂತಾಗುತ್ತದೆ. ಬಾಗಿಲ ಚೌಕಟ್ಟಿಗೆ ಬಿಳಿ ಪಂಚೆಯನ್ನು ಸುಕ್ಕಿಲ್ಲದಂತೆ ಎಳೆದು ಕಟ್ಟಿ. ಹಿಂದೆ ನಾಲ್ಕೈದು ಅಡಿ ದೂರದಲ್ಲಿ ಮೊಬೈಲಿನ ಟಾರ್ಚನ್ನು ಗೊಂಬೆಯೆತ್ತರಕ್ಕೆ ನಿಲ್ಲಿಸಿ. ಮೇಣದಬತ್ತಿ ಬೇಡ. ಪಂಚೆಗೆ ತಗುಲುವ ಭಯ ಒಂದು, ಉರಿ ಅಲುಗಿ ನೆರಳು ಕದಡುವುದು ಇನ್ನೊಂದು. ಟಾರ್ಚಿನ ಬೆಳಕು ಒಂದೇ ಚುಕ್ಕೆಯಿಂದ ಹೊರಡುವುದರಿಂದ ಅಂಚು ಚೂಪಾಗಿ ಬೀಳುತ್ತದೆ. ಎರಡು ಫೋನ್ ಇಟ್ಟರೆ ಎರಡೆರಡು ನೆರಳು ಬಂದು ಗೊಂಬೆ ಗುರುತೇ ಸಿಗುವುದಿಲ್ಲ.

ಗೊಂಬೆಗೆ ಮದುವೆ ಕಾಗದದ ರಟ್ಟು. ಒಂದು ಗೇಣುದ್ದ ಬಿಡಿಸಿ, ಕಣ್ಣು, ಆಭರಣದ ಜಾಗ ತೂತು ಮಾಡಿ, ಹಿಂದೆ ಹಿಡಿಕಡ್ಡಿ ಕಟ್ಟಿ. ಕೈ ಬೇರೆ ಕತ್ತರಿಸಿ, ಭುಜದಲ್ಲಿ ದಾರ ತೂರಿಸಿ ಎರಡೂ ಕಡೆ ಗಂಟು ಹಾಕಿದರೆ ಆಡುತ್ತದೆ. ಗಂಟು ಬಿಗಿಯಾದರೆ ಕೈ ಅಲ್ಲಾಡದು, ರಟ್ಟು ಮತ್ತು ಗಂಟಿನ ನಡುವೆ ಅಕ್ಕಿಕಾಳಿನಷ್ಟು ಸಡಿಲ ಬಿಡಿ. ಬಣ್ಣದ ನೆರಳು ಬೇಕಾದರೆ ತೊಗಲುಗೊಂಬೆಯ ಯುಕ್ತಿ ಹಿಡಿಯಬೇಕು: ಅಲ್ಲಿ ತೊಗಲು ಹದವಾಗಿ ತೆಳುವಾಗಿರುವುದರಿಂದ ಬಣ್ಣದ ಮೂಲಕ ಬೆಳಕು ಹಾಯುತ್ತದೆ. ನೋಟ್‌ಬುಕ್ಕಿನ ಹಾಳೆಗೆ ಕ್ರೇಯಾನ್ ಬಳಿದು, ಹಿಂಬದಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹತ್ತಿಯಲ್ಲಿ ಸವರಿ, ಕಾಲು ಗಂಟೆ ಬಿಟ್ಟರೆ ಕಾಗದ ಪಾರಕವಾಗುತ್ತದೆ. ಅದನ್ನು ರಟ್ಟಿನ ಕಿಂಡಿಗೆ ಹೊಲಿಯಿರಿ. ಎಣ್ಣೆ ಕಾಗದಕ್ಕೆ ಅಂಟು ಹಿಡಿಯದು. ಗೊಂಬೆ ಪಂಚೆಗೆ ತಾಗಿದ್ದರೆ ನೆರಳು ಸ್ಪಷ್ಟ, ಬೆಳಕಿನತ್ತ ಸರಿದಂತೆ ದೊಡ್ಡದಾಗಿ ಮಸುಕು. ರಕ್ಕಸನ ಪ್ರವೇಶಕ್ಕೆ ಈ ಮಸುಕನ್ನೇ ಬಳಸಲು ಹೇಳಿಕೊಡಿ.

ರಟ್ಟು ಅಂಟಿಸಲು ಅನ್ನದ ಅಗುಳೇ ಸಾಕು. ಮೈದಾ ಅಂಟು ಮಾಡುವುದಾದರೆ ಆ ಹೊತ್ತಿಗೆ ಬೇಕಾದಷ್ಟೇ ಕುದಿಸಿ, ಉಳಿಸಿದರೆ ಬೂಷ್ಟು. ಪುಸ್ತಕಕ್ಕೆ ರಟ್ಟು ಕಟ್ಟುವವರು ಹುಳ ಬಾರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳ ಅಂಟಿಗೆ ಸಲ್ಲದು.

ಕಾಗದದ ದೋಣಿಗೆ ಪತ್ರಿಕೆಗಿಂತ ಹಳೆ ಕ್ಯಾಲೆಂಡರಿನ ನುಣುಪು ಹಾಳೆ ವಾಸಿ. ಮಡಚುವ ಮೊದಲು ಎರಡೂ ಬದಿಗೆ ಹಚ್ಚದ ಮೇಣದಬತ್ತಿ ತಿಕ್ಕಿದರೆ ಇನ್ನಷ್ಟು ಹೊತ್ತು ತೇಲುತ್ತದೆ. ಬೋಗುಣಿಯಲ್ಲೇ ಬಿಡಲಿ, ಹಳ್ಳದ ಕಡೆ ಬೇಡ. ಆಟ ಮುಗಿದ ನೀರನ್ನು ಕೂಡಲೇ ಚೆಲ್ಲಿ.

ಕೊನೆಯದಾಗಿ, ರಜೆ ಮುಗಿದ ಮೇಲೂ ನಡೆಯುವ ಒಂದು ಕೆಲಸ: ಮಳೆ ಅಳತೆ. ಗೋಡೆ ನೇರವಾಗಿರುವ ಎರಡು ಲೀಟರ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಆ ಭಾಗವನ್ನು ಬೋರಲಾಗಿ ಆಲಿಕೆಯಂತೆ ಕೂರಿಸಿ. ತಳ ಉಬ್ಬುತಗ್ಗಾಗಿರುವುದರಿಂದ ಬೆಣಚುಕಲ್ಲು ತುಂಬಿ, ಗೋಡೆ ನೇರವಾಗುವಲ್ಲಿಯವರೆಗೆ ನೀರು ಹೊಯ್ದು ಅಲ್ಲಿ ಸೊನ್ನೆ ಗುರುತು ಹಾಕಿ. ಅಲ್ಲಿಂದ ಸ್ಕೇಲಿಟ್ಟು ಮಿಲಿಮೀಟರ್. ಸೂರು, ಅಡಿಕೆ ಮರಗಳಿಂದ ದೂರ, ನೆಲದಿಂದ ಬಾಯಿ ಒಂದಡಿ ಮೇಲಿರುವಂತೆ ಗೂಟಕ್ಕೆ ಬಿಗಿಯಿರಿ. ಕೆಳಗಿದ್ದರೆ ನೆಲದಿಂದ ಸಿಡಿದ ನೀರೂ ಲೆಕ್ಕಕ್ಕೆ ಸೇರುತ್ತದೆ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8:30ರಿಂದ 8:30ಕ್ಕೆ, ನೀವೂ ಅದೇ ಹೊತ್ತಿಗೆ ಓದಿ, ಸೊನ್ನೆಯವರೆಗೆ ಚೆಲ್ಲಿ. ನಿಮ್ಮ ಸೀಮೆಯಲ್ಲಿ ಒಂದೇ ದಿನಕ್ಕೆ ಬಾಟಲಿ ತುಂಬಿ ಹರಿಯಬಹುದು, ಅಂಥ ದಿನ ಸಂಜೆಯೂ ಓದಿ ಕೂಡಿಸಿ. ಗುಡುಗು ಮಿಂಚಿದ್ದಾಗ ಯಾರೂ ಹೊರಗೆ ಹೋಗಬೇಡಿ. ಇಲಾಖೆಯ ಲೆಕ್ಕದಲ್ಲಿ 64.5 ಮಿ.ಮೀ.ಯಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ತೋಟದವರಿಗೆ ಇಂಚು ರೂಢಿ, 25.4ರಿಂದ ಭಾಗಿಸುವುದು ದೊಡ್ಡದರ ಪಾಲಿಗೆ. ಗೋಡೆಯ ಮೇಲಿನ ಪಟ್ಟಿಗೆ ನೀಲಿ ಬಳಿಯುವುದು ಚಿಕ್ಕದರ ಪಾಲಿಗೆ. ಮೊತ್ತವನ್ನು ತಿಂಗಳಿಗೆ ಹಾಕುವ ಬದಲು ನಕ್ಷತ್ರಕ್ಕೆ ಹಾಕಿಸಿ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಒಂದೊಂದು 13–14 ದಿನ. ಆರಿದ್ರಾ ಆರದೆ ಹೊಯ್ಯುತ್ತದೆ ಎಂಬ ಮಾತು ಈ ವರ್ಷ ನಿಜವೋ ಅಲ್ಲವೋ ಎಂದು ಅಜ್ಜನ ಜೊತೆ ವಾದಿಸಲು ಮಕ್ಕಳ ಕೈಯಲ್ಲಿ ಅಂಕಿ ಇರುತ್ತದೆ.

ಗೊಂಬೆ, ಬೀಜ, ಪಂಚೆಯ ಮಣೆ ಎಲ್ಲವನ್ನೂ ಒಂದು ಡಬ್ಬಿಯಲ್ಲಿಡಿ. ವಾರಕ್ಕೊಮ್ಮೆ ಬಚ್ಚಲೊಲೆಯ ಹತ್ತಿರ, ಕಿಡಿ ಹಾರದಷ್ಟು ದೂರದಲ್ಲಿ ಒಂದು ಗಂಟೆ ಹರವಿದರೆ ರಟ್ಟು ಮತ್ತೆ ಗಟ್ಟಿಯಾಗುತ್ತದೆ.