ನಾಪೋಕ್ಲಿನ ಪ್ರಶ್ನೆಗೆ ಉತ್ತರ: ತೋಟದ ಲೆಕ್ಕದ ಲ್ಯಾಪ್‌ಟಾಪಿನಲ್ಲಿ ‘ದಿ ವಿಚರ್ 3’ ಓಡೀತೇ?

ನಾಪೋಕ್ಲಿನಿಂದ ಪ್ರಶ್ನೆ ಕೇಳಿರುವ ಹಿರಿಯರಿಗೆ ನಮಸ್ಕಾರ. ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿರುವ ತಮ್ಮ ಮಗ ತೋಟದ ಲೆಕ್ಕಕ್ಕೆಂದು ಕೊಂಡಿದ್ದ ಲ್ಯಾಪ್‌ಟಾಪಿನಲ್ಲಿ ‘ದಿ ವಿಚರ್ 3’ ಆಡಲು ಹೊರಟಿದ್ದಾನೆ, ಆಟವು ಮೊದಲ ಹತ್ತು ನಿಮಿಷ ಹೇಗೋ ನಡೆದು ಆಮೇಲೆ ತೆವಳತೊಡಗುತ್ತದೆ, ಅಂಗಡಿಯವರೊಬ್ಬರು ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರ ಬಿಡಿಸುವ ಪ್ರತ್ಯೇಕ ಭಾಗ) ಹಾಕಿಸಿ ಎಂದಿದ್ದಾರೆ, ಅದನ್ನು ಹಾಕಿಸುವುದೋ ಹೊಸ ಯಂತ್ರವನ್ನೇ ಕೊಳ್ಳುವುದೋ ಎಂದು ಕೇಳಿದ್ದೀರಿ. ತಾವು ಕೊಟ್ಟಿರುವ ವಿವರದಂತೆ ಅದರಲ್ಲಿರುವುದು ಇಂಟೆಲ್ ಕೋರ್ ಐ5-8250ಯು ಪ್ರೊಸೆಸರ್, ಅದರೊಳಗೇ ಇರುವ ಯುಎಚ್‌ಡಿ 620 ಗ್ರಾಫಿಕ್ಸ್, 8 ಜಿಬಿ ರ್‍ಯಾಮ್ ಮತ್ತು 1 ಟಿಬಿ ಹಾರ್ಡ್ ಡಿಸ್ಕ್. ಇದೇ ಪ್ರೊಸೆಸರ್ ಇರುವ ಲ್ಯಾಪ್‌ಟಾಪಿನಲ್ಲಿ ಇದೇ ಆಟವನ್ನು ಕಳೆದ ಮಳೆಗಾಲದಲ್ಲಿ ಮಡಿಕೇರಿಯ ನಮ್ಮ ಮನೆಯಲ್ಲಿ ಆಡಿದ್ದೇನೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಗ್ರಾಫಿಕ್ಸ್ ಕಾರ್ಡಿನ ಮಾತು ಮುಗಿಸಿಬಿಡೋಣ. ಡೆಸ್ಕ್‌ಟಾಪಿನಲ್ಲಿ ಹಾಕುವಂತೆ ಈ ವರ್ಗದ ಲ್ಯಾಪ್‌ಟಾಪಿನೊಳಗೆ ಗ್ರಾಫಿಕ್ಸ್ ಕಾರ್ಡ್ ಹಾಕಲು ಜಾಗವೇ ಇರುವುದಿಲ್ಲ. ಹೊರಗಿನಿಂದ ಜೋಡಿಸುವ ಕಾರ್ಡ್ ಪೆಟ್ಟಿಗೆಗಳಿವೆಯಾದರೂ ಅವಕ್ಕೆ ಥಂಡರ್‌ಬೋಲ್ಟ್ ಎಂಬ ಅತಿ ವೇಗದ ಸಂಪರ್ಕ ಕಿಂಡಿ ಬೇಕು. ಅದು ಇದ್ದರೂ ಪೆಟ್ಟಿಗೆ, ಕಾರ್ಡ್ ಎರಡನ್ನೂ ಸೇರಿಸಿ ಆಗುವ ಖರ್ಚಿಗೆ ಬೇರೆ ಯಂತ್ರವನ್ನೇ ನೋಡುವುದು ಲೇಸು.

ಈ ಆಟವು 2015ರ ಮೇ ತಿಂಗಳಲ್ಲಿ ಬಂದಾಗ ತಯಾರಕರು ಕನಿಷ್ಠ ಅಗತ್ಯವೆಂದು ಹೇಳಿದ್ದು ಕೋರ್ ಐ5-2500ಕೆ ಪ್ರೊಸೆಸರ್, 6 ಜಿಬಿ ರ್‍ಯಾಮ್ ಮತ್ತು ಎನ್‌ವಿಡಿಯಾ ಜಿಟಿಎಕ್ಸ್ 660 ಕಾರ್ಡ್. ಹಳೆಯ ಆಟವಲ್ಲವೇ, ಹೊಸ ಪ್ರೊಸೆಸರಿಗೆ ಏನು ಕಷ್ಟ ಎಂದು ಮಕ್ಕಳು ವಾದಿಸುವುದು ಇಲ್ಲಿಯೇ. ಆದರೆ ಆ ಕಾರ್ಡೊಂದೇ ಬಳಸುವ ವಿದ್ಯುತ್ತಿನ ಮಿತಿ 140 ವಾಟ್. ತಮ್ಮ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಸೇರಿ ದೀರ್ಘಕಾಲ ಬಳಸಬೇಕಾದದ್ದು ಸುಮಾರು 15 ವಾಟ್. ಆ ಕಾರ್ಡಿಗೆ ಸೆಕೆಂಡಿಗೆ 144 ಜಿಬಿ ವೇಗದ ಸ್ವಂತ ಮೆಮೊರಿ ಇದೆ. ಯುಎಚ್‌ಡಿ 620ಕ್ಕೆ ಸ್ವಂತದ್ದೇನೂ ಇಲ್ಲ, ವಿಂಡೋಸ್ ಬಳಸುವ ರ್‍ಯಾಮನ್ನೇ ಅದೂ ಹಂಚಿಕೊಳ್ಳಬೇಕು. ಹೀಗಾಗಿ ನಮ್ಮ ಕೆಲಸವೆಲ್ಲ ಈ 15 ವಾಟನ್ನು ಪೋಲಾಗದಂತೆ ಬಳಸುವುದರಲ್ಲಿಯೇ ಇದೆ. ಹೆಚ್ಚಿನವರು ನೇರವಾಗಿ ಆಟದ ಸೆಟ್ಟಿಂಗ್‌ಗಳಿಗೆ ಕೈ ಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ಕೆಲಸ.

ಹತ್ತು ನಿಮಿಷದ ನಂತರ ತೆವಳುತ್ತದೆ ಎಂದಿರಲ್ಲ, ಅದು ಬಹುಮಟ್ಟಿಗೆ ಶಾಖದ ಲಕ್ಷಣ. ಗ್ರಾಫಿಕ್ಸಿನ ಬಲವೇ ಸಾಲದಿದ್ದರೆ ಆಟವು ಮೊದಲ ನಿಮಿಷದಿಂದಲೇ ತೆವಳಬೇಕಿತ್ತು. ಈ ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲಿ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶವನ್ನು ತೆರೆದಿಟ್ಟು ಮಗನಿಗೆ ಅರ್ಧ ಗಂಟೆ ಆಡಲು ಹೇಳಿ, ನಂತರ ಗರಿಷ್ಠ ಉಷ್ಣತೆಯ ಕಾಲಂ ನೋಡಿ. ಅಲ್ಲಿ 95ಕ್ಕಿಂತ ಹೆಚ್ಚು ಕಂಡರೆ ಬೇರೆ ಯಾವ ಕಾರಣವನ್ನೂ ಹುಡುಕುವ ಮುನ್ನ ಅದನ್ನು ಸರಿಪಡಿಸಬೇಕು.

ನಮ್ಮಲ್ಲಿ ಹೊರಗಿನ ಗಾಳಿ ತಂಪು, ಶಾಖ ಹೇಗೆ ಏರೀತು ಎಂದು ನಾನೂ ಅಂದುಕೊಂಡಿದ್ದೆ. ಮಳೆಗಾಲದಲ್ಲಿ ನಾನು ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ, ಕಂಬಳಿಯ ಮಡಿಕೆಯಲ್ಲಿಟ್ಟು ಆಡುತ್ತಿದ್ದೆ. ಗಾಳಿ ಎಳೆದುಕೊಳ್ಳುವ ಕಿಂಡಿಗಳು ಅದರ ತಳದಲ್ಲಿರುವುದರಿಂದ ಕಂಬಳಿಯು ಅವನ್ನು ಪೂರ್ತಿ ಮುಚ್ಚುತ್ತಿತ್ತು. ಅದಕ್ಕಿಂತ ದೊಡ್ಡ ಅಪರಾಧಿ ಅಗ್ಗಿಷ್ಟಿಕೆ. ಕಕ್ಕಡ ಮಾಸದ ಮಳೆಯಲ್ಲಿ ಬಟ್ಟೆ ಒಣಗಿಸಲು ಅದನ್ನು ಹೊತ್ತಿಸಿದ ಕೋಣೆಯಲ್ಲೇ ನಾನು ಆಡುತ್ತಿದ್ದೆ. ಅದರಿಂದ ಹಾರುವ ನವಿರಾದ ಬೂದಿ ಮನೆಯ ತೇವದೊಂದಿಗೆ ಸೇರಿ ಫ್ಯಾನಿನ ಮುಂದಿರುವ ತಾಮ್ರದ ರೆಕ್ಕೆಗಳ ನಡುವೆ ಮೆತ್ತಿಕೊಂಡು, ಹಿಂಭಾಗ ಬಿಚ್ಚಿ ನೋಡಿದಾಗ ತೆಳ್ಳನೆಯ ಬಟ್ಟೆಯ ಹಾಗೆ ಒಂದೇ ಹಾಳೆಯಾಗಿ ಎದ್ದು ಬಂತು. ಆ ಹಾಳೆಯನ್ನು ತೆಗೆದು, ಒಣಗಿ ಹೋಗಿದ್ದ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಶಾಖವನ್ನು ಹೊರಸಾಗಿಸಲು ಹಚ್ಚುವ ಲೇಪ) ಬದಲಿಸಿದ ಮೇಲೆ 97 ಡಿಗ್ರಿ ತೋರಿಸುತ್ತಿದ್ದದ್ದು 82ರ ಸುತ್ತ ನಿಂತಿತು. ಆದ್ದರಿಂದ ಮೊದಲು ಶುಚಿಗೊಳಿಸಿ, ಗಟ್ಟಿಯಾದ ಹಲಗೆಯ ಮೇಲೆ ಹಿಂಬದಿಯನ್ನು ಎರಡು ಬೆರಳಿನಷ್ಟು ಎತ್ತರಿಸಿಡಿ. ಸಮುದ್ರಮಟ್ಟಕ್ಕಿಂತ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಗಾಳಿ ಹತ್ತರಲ್ಲೊಂದು ಪಾಲಿನಷ್ಟು ತೆಳುವಾಗಿರುವುದರಿಂದ ಅದೇ ಫ್ಯಾನ್ ಇಲ್ಲಿ ಅಷ್ಟು ಕಡಿಮೆ ಶಾಖ ಸಾಗಿಸುತ್ತದೆ ಎಂಬುದೂ ನಿಜ. ಆದರೆ ಇಲ್ಲಿಯ ತಂಪು ಆ ಕೊರತೆಯನ್ನು ತುಂಬಿಕೊಡುವುದರಿಂದ ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎರಡನೆಯದು ರ್‍ಯಾಮ್, ಮತ್ತು ಹಣ ಖರ್ಚು ಮಾಡುವುದಾದರೆ ನಾನು ಮೊದಲು ಖರ್ಚು ಮಾಡುವುದು ಇದಕ್ಕೇ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯನ್ನು ಒತ್ತಿದರೆ ರ್‍ಯಾಮ್ ಕೂರಿಸುವ ಎಷ್ಟು ಸ್ಲಾಟುಗಳಿವೆ, ಎಷ್ಟು ತುಂಬಿವೆ ಎಂಬುದು ಕಾಣುತ್ತದೆ. ಎರಡರಲ್ಲಿ ಒಂದು ಮಾತ್ರ ತುಂಬಿದ್ದರೆ ತಮ್ಮ ಯಂತ್ರವು ಒಂದೇ ದಾರಿಯಲ್ಲಿ ದತ್ತಾಂಶ ಸಾಗಿಸುತ್ತಿದೆ ಎಂದರ್ಥ. ಡಿಡಿಆರ್4-2400 ರ್‍ಯಾಮ್ ಒಂದು ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿ ಸಾಗಿಸುತ್ತದೆ, ಎರಡು ದಾರಿಯಾದರೆ 38.4 ಜಿಬಿ. ಸ್ವಂತ ಮೆಮೊರಿಯಿಲ್ಲದ ಗ್ರಾಫಿಕ್ಸಿಗೆ ಈ ವ್ಯತ್ಯಾಸವೇ ಉಸಿರು. ನನ್ನಲ್ಲಿ ಎರಡನೆಯ 8 ಜಿಬಿ ರ್‍ಯಾಮ್ ಹಾಕಿದ ಮೇಲೆ, ಬೇರೇನನ್ನೂ ಬದಲಿಸದೆಯೇ, ಸೆಕೆಂಡಿಗೆ 17ರ ಆಸುಪಾಸಿನಲ್ಲಿದ್ದ ಫ್ರೇಮುಗಳು, ಅಂದರೆ ಪರದೆಯ ಮೇಲೆ ಮೂಡುವ ಚಿತ್ರಗಳು, 22ಕ್ಕೇರಿದವು. ಅದಲ್ಲದೆ 8 ಜಿಬಿಯಲ್ಲಿ ವಿಂಡೋಸ್ ತನ್ನ ಪಾಲು ತೆಗೆದುಕೊಂಡು ಗ್ರಾಫಿಕ್ಸ್ ತನ್ನ ಪಾಲು ತೆಗೆದುಕೊಂಡ ಮೇಲೆ ಆಟಕ್ಕೆ ಉಳಿಯುವುದು ಸಾಲದೆ, ಹಾರ್ಡ್ ಡಿಸ್ಕಿನ ಮೊರೆ ಹೋಗಿ ಆಟ ತಡವರಿಸುತ್ತದೆ. ಹಾರ್ಡ್ ಡಿಸ್ಕಿನ ಬದಲು ಅದಕ್ಕಿಂತ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿಸಿದರೆ ಆಟ ತೆರೆಯುವ ವೇಳೆ ಮತ್ತು ಈ ತಡವರಿಕೆ ಎರಡೂ ಕಡಿಮೆಯಾಗುತ್ತವೆ, ಆದರೆ ಅದರಿಂದ ಫ್ರೇಮಿನ ಸಂಖ್ಯೆ ಏರುವುದಿಲ್ಲ. ಈ ಎರಡೂ ತೋಟದ ಲೆಕ್ಕದ ಕೆಲಸಕ್ಕೂ ಉಪಯೋಗಕ್ಕೆ ಬರುವುದರಿಂದ ಆಟಕ್ಕೆಂದೇ ಸುರಿದ ಹಣವಾಗುವುದಿಲ್ಲ.

ಮೂರನೆಯ ವಿಷಯ ಸ್ವಲ್ಪ ವಿಚಿತ್ರವೆನಿಸಬಹುದು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಒಂದೇ 15 ವಾಟನ್ನು ಹಂಚಿಕೊಳ್ಳುವುದರಿಂದ, ಟರ್ಬೊದಲ್ಲಿ (ತಾತ್ಕಾಲಿಕವಾಗಿ ವೇಗ ಏರಿಸಿಕೊಂಡಾಗ) 3.4 ಗಿಗಾಹರ್ಟ್ಸ್‌ವರೆಗೆ ಏರಬಲ್ಲ ಪ್ರೊಸೆಸರ್ ಹೆಚ್ಚು ಎಳೆದುಕೊಂಡಷ್ಟೂ ಗ್ರಾಫಿಕ್ಸಿಗೆ ಕಡಿಮೆ ಉಳಿಯುತ್ತದೆ. ಈ ಆಟದಲ್ಲಿ ಹಿಂದೆ ಬೀಳುವುದು ಗ್ರಾಫಿಕ್ಸ್ ಆದ್ದರಿಂದ ಪ್ರೊಸೆಸರನ್ನು ತುಸು ಹಿಡಿದಿಟ್ಟರೆ ಆಟ ಚುರುಕಾಗುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೊ ನಿಂತುಹೋಗುತ್ತದೆ ಎಂಬ ಉಪಾಯವನ್ನು ಬಹಳ ಮಂದಿ ಹೇಳುತ್ತಾರೆ. ಅದು ಕೆಲಸ ಮಾಡುತ್ತದೆಯಾದರೂ ಈ ಪ್ರೊಸೆಸರಿನ ಮೂಲ ವೇಗ 1.6 ಗಿಗಾಹರ್ಟ್ಸ್ ಮಾತ್ರ ಆದ್ದರಿಂದ ಆಟದಲ್ಲಿ ಬರುವ ಜನಜಂಗುಳಿಯ ನೊವಿಗ್ರಾದ್ ಪಟ್ಟಣದಲ್ಲಿ ಅದೇ ಒಂದು ತೊಡಕಾಗುತ್ತದೆ. ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶದಿಂದ ನಾನು ವೇಗವನ್ನು 2.3 ಗಿಗಾಹರ್ಟ್ಸ್‌ಗೆ ಕಟ್ಟಿಹಾಕಿದೆ; ಶಾಖವೂ ಇಳಿಯಿತು, ಆಟವೂ ಸಮನಾಯಿತು. ಅದೇ ತಂತ್ರಾಂಶದಲ್ಲಿ ಶಾಖ ಇಳಿಸಲು ವೋಲ್ಟೇಜ್ ತಗ್ಗಿಸುವ ಸೌಲಭ್ಯವಿದ್ದರೂ, 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ನಂತರ ಬಂದ ಬಯಾಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಅಪ್‌ಡೇಟುಗಳು ಅನೇಕ ಲ್ಯಾಪ್‌ಟಾಪುಗಳಲ್ಲಿ ಅದನ್ನು ಮುಚ್ಚಿವೆ. ಮುಚ್ಚಿದ್ದರೆ ಬಿಟ್ಟುಬಿಡಿ, ಅದಕ್ಕಾಗಿ ಹಳೆಯ ಬಯಾಸ್ ಹಾಕುವ ಸಾಹಸ ಬೇಡ.

ಇನ್ನು ಆಟದ ಆವೃತ್ತಿ. 2022ರ ಡಿಸೆಂಬರ್ 14ರಂದು ಈ ಆಟಕ್ಕೆ ದೊಡ್ಡ ಅಪ್‌ಡೇಟ್ ಬಂದು, ಚಿತ್ರಗಳು ಅಂದವಾದವು, ಜೊತೆಗೆ ಆಟವೂ ಭಾರವಾಯಿತು. ಮಗನು ಆಟ ಮಾರುವ ಜಾಲತಾಣವಾದ ಸ್ಟೀಮ್‌ನಲ್ಲಿ ಕೊಂಡಿದ್ದರೆ, ಆಟ ಆರಂಭಿಸುವಾಗ, ಚಿತ್ರ ಬಿಡಿಸಲು ಆಟವು ಬಳಸುವ ವಿಂಡೋಸ್ ತಂತ್ರಾಂಶವಾದ ಡೈರೆಕ್ಟ್‌ಎಕ್ಸ್ 12ರ ಬದಲು 11ನ್ನು ಆರಿಸಿ ನೋಡಲಿ, ಇದಕ್ಕೆ ಡೌನ್‌ಲೋಡ್ ಬೇಕಿಲ್ಲ. ಅದೂ ಸಾಲದಿದ್ದರೆ ಆಟದ ಪ್ರಾಪರ್ಟೀಸ್‌ನಲ್ಲಿ ಬೀಟಾ ವಿಭಾಗಕ್ಕೆ ಹೋಗಿ ಕ್ಲಾಸಿಕ್ ಎಂಬ 1.32 ಆವೃತ್ತಿಯನ್ನು ಆರಿಸಿದರೆ ಹಳೆಯ, ಹಗುರವಾದ ಆಟ ಸಿಗುತ್ತದೆ. ಹೊಸ ಆವೃತ್ತಿಯಲ್ಲಿ ಉಳಿಸಿದ ಆಟ ಹಳೆಯದರಲ್ಲಿ ತೆರೆಯುತ್ತದೆಂದು ನಂಬಬೇಡಿ. ಆರಂಭದಿಂದ ಆಡುವ ಸಿದ್ಧತೆ ಇರಲಿ. ಈ ಬದಲಾವಣೆಗೆ ಹಲವಾರು ಜಿಬಿ ಮತ್ತೆ ಇಳಿಸಿಕೊಳ್ಳಬೇಕಾಗುತ್ತದೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ 35 ಜಿಬಿ ಇಳಿಸಬೇಕಾಗಿ ಬಂದರೆ ಹದಿನೆಂಟು ದಿನ. ಆದ್ದರಿಂದ ಕುಶಾಲನಗರದಲ್ಲೋ ವಿರಾಜಪೇಟೆಯಲ್ಲೋ ಫೈಬರ್ ಸಂಪರ್ಕ ಇರುವ ನೆಂಟರ ಮನೆಗೆ ಲ್ಯಾಪ್‌ಟಾಪನ್ನೇ ಒಯ್ಯುವುದು ಒಳ್ಳೆಯದು.

ಆಟದೊಳಗಿನ ಸೆಟ್ಟಿಂಗ್‌ಗಳಲ್ಲಿ ಮೊದಲನೆಯದೂ ಮುಖ್ಯವಾದದ್ದೂ ರೆಸಲ್ಯೂಷನ್. 1920×1080ರಲ್ಲಿ ಯಂತ್ರವು ಪ್ರತಿ ಫ್ರೇಮಿಗೂ 20 ಲಕ್ಷಕ್ಕೂ ಹೆಚ್ಚು ಬಿಂದುಗಳನ್ನು ಬಿಡಿಸಬೇಕು; 1280×720ರಲ್ಲಿ 9,21,600 ಸಾಕು. ಇನ್ನೂ ಇಳಿಸಬೇಕೆಂದರೆ ಡಾಕ್ಯುಮೆಂಟ್ಸ್‌ನಲ್ಲಿ ಆಟದ ಹೆಸರಿನ ಫೋಲ್ಡರಿನಲ್ಲಿರುವ ಯೂಸರ್ ಸೆಟ್ಟಿಂಗ್ಸ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಅದರ ಒಂದು ನಕಲನ್ನು ಮೊದಲೇ ತೆಗೆದಿಟ್ಟುಕೊಂಡು, ರೆಸಲ್ಯೂಷನ್ ಸಾಲಿನಲ್ಲಿ 1024×576 ಎಂದು ಬರೆಯಬಹುದು. ಅಕ್ಷರಗಳು ಮಸುಕಾಗುತ್ತವೆ, ಆದರೆ ಆಡಲು ಬರುತ್ತದೆ. ಹೇರ್‌ವರ್ಕ್ಸ್ (ಕೂದಲು, ತುಪ್ಪಳವನ್ನು ಸಹಜವಾಗಿ ತೋರಿಸುವ ಆಯ್ಕೆ) ಆಫ್ ಇರಲೇಬೇಕು. ಗಿಡಮರ ಎಷ್ಟು ದೂರದವರೆಗೆ ಕಾಣಬೇಕು ಎಂಬ ಆಯ್ಕೆ, ನೆರಳು, ಹುಲ್ಲಿನ ದಟ್ಟಣೆ ಇವು ಅತಿ ಹೆಚ್ಚು ಹೊರೆಯಾಗುವುದರಿಂದ ಲೋ ಇರಲಿ. ಆಂಬಿಯೆಂಟ್ ಅಕ್ಲೂಷನ್ (ಮೂಲೆ, ಸಂದುಗಳ ಮಬ್ಬು ನೆರಳು) ಮತ್ತು ಮೋಷನ್ ಬ್ಲರ್ (ಚಲನೆಯ ಮಸುಕು) ತೆಗೆದುಹಾಕಿ. ಫ್ರೇಮಿನ ಮಿತಿಯನ್ನು 30ಕ್ಕೆ ಕಟ್ಟಿ. ಒಮ್ಮೆ 38, ಒಮ್ಮೆ 19 ಎಂದು ಜಿಗಿಯುವುದಕ್ಕಿಂತ ಸಮನಾದ 25 ಕಣ್ಣಿಗೆ ಹಿತ.

ಇಷ್ಟೆಲ್ಲ ಮಾಡಿದ ಮೇಲೆ ನನಗೆ ದೊರೆತದ್ದನ್ನು ಮುಚ್ಚಿಡದೆ ಹೇಳುತ್ತೇನೆ. 1024×576ರಲ್ಲಿ, ಕ್ಲಾಸಿಕ್ ಆವೃತ್ತಿಯಲ್ಲಿ, ಆರಂಭದ ವೈಟ್ ಆರ್ಚರ್ಡ್ ಹಳ್ಳಿಯಲ್ಲಿ 27ರಿಂದ 30, ನೊವಿಗ್ರಾದ್ ಪೇಟೆಯಲ್ಲಿ 20ರ ಸುತ್ತ, ಕೆಲವು ತಿರುವುಗಳಲ್ಲಿ 17. ಹಳ್ಳಿಯಲ್ಲಿ ಚೆನ್ನಾಗಿ ಓಡಿತೆಂದು ಮಗನು ಗೆದ್ದೆನೆಂದುಕೊಂಡರೆ ಪಟ್ಟಣದಲ್ಲಿ ನಿರಾಶೆಯಾದೀತು, ಮೊದಲೇ ಹೇಳಿಬಿಡಿ. ಕಥೆಯನ್ನು ನಿಧಾನವಾಗಿ ಅನುಭವಿಸುವವನಿಗೆ ಇದು ಸಾಕು. ಕೈಚಳಕದ ಕಾಳಗವೇ ಬೇಕೆನ್ನುವವನಿಗೆ ಸಾಲದು.

ವೇಗ ಹೆಚ್ಚಿಸುತ್ತೇವೆಂದು ಜಾಹೀರಾತು ಹಾಕುವ ಗೇಮ್ ಬೂಸ್ಟರುಗಳನ್ನು ಹಾಕಬೇಡಿ, ಅವು ತಾವೇ ರ್‍ಯಾಮ್ ತಿನ್ನುತ್ತವೆ. ಚಾರ್ಜರ್ ಚುಚ್ಚಿಯೇ ಆಡಬೇಕು, ಬ್ಯಾಟರಿಯ ಮೇಲೆ ಯಂತ್ರವು ವೇಗ ತಗ್ಗಿಸುತ್ತದೆ. ಆದರೆ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಚಾರ್ಜರ್ ಕಿತ್ತು ಆಟ ನಿಲ್ಲಿಸುವುದೇ ಸರಿ. ಹೊಸ ಯಂತ್ರದ ಮಾತನ್ನು ಸದ್ಯಕ್ಕೆ ಬದಿಗಿಡಿ. ಟಾಸ್ಕ್ ಮ್ಯಾನೇಜರಿನಲ್ಲಿ ಸ್ಲಾಟುಗಳ ಲೆಕ್ಕ ಏನು ತೋರಿಸುತ್ತದೆ, ಅರ್ಧ ಗಂಟೆಯ ಆಟದ ನಂತರ ಗರಿಷ್ಠ ಉಷ್ಣತೆ ಎಷ್ಟಿತ್ತು ಎಂಬ ಎರಡು ಅಂಕಿಗಳನ್ನು ಇಲ್ಲಿಯೇ ಬರೆಯಿರಿ. ಯಾವ ರ್‍ಯಾಮ್ ಹೊಂದುತ್ತದೆ ಎಂಬುದನ್ನು ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾದರಿ ಸಂಖ್ಯೆ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಏನನ್ನೂ ಆರ್ಡರ್ ಮಾಡಬೇಡಿ.