ಎಳನೀರು ಕೊಚ್ಚುವ ಮಚ್ಚಿಗೆ ಯಾವ ಹಿಡಿ ಒಳ್ಳೆಯದು? ಮರದ ಹಿಡಿ ಸಡಿಲವಾದರೆ ನೀರಲ್ಲಿ ನೆನೆಸಬಹುದೇ?
ಮರದ್ದೇ ತಗೊಳ್ಳಿ, ನೆನೆಸಬೇಡಿ. ನುಣುಪು ಪ್ಲಾಸ್ಟಿಕ್ ಎಳನೀರು ತಗುಲಿದ ಕೂಡಲೇ ಜಾರುತ್ತದೆ. ವಾರ್ನಿಷ್ ಬಳಿಯದ ಮರ ಒದ್ದೆ ಕೈಗೂ ಹಿಡಿತ ಕೊಡುತ್ತದೆ. ಜಾಲಿ, ಬೀಟೆ ಎರಡೂ ಗಟ್ಟಿ. ದಿನನಿತ್ಯದ ಮಚ್ಚಿಗೆ ಬೀಟೆ ದುಂದು ಅನ್ನುವುದು ನನ್ನ ಅಭಿಪ್ರಾಯ.

ಮರ ತೇವಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೆಂಗಳೂರಿನ ಫೆಬ್ರವರಿ-ಮಾರ್ಚ್ ಒಣಹವೆಯಲ್ಲಿ ಹಿಡಿ ಅಲುಗಾಡುವುದು ಇದರಿಂದಲೇ. ನೆನೆಸಿದರೆ ಬಿಗಿಯಾಗುವುದೇನೋ ನಿಜ. ಆದರೆ ಒಳಗಿನ ಕಬ್ಬಿಣ ಜಾಗ ಬಿಡುವುದಿಲ್ಲವಲ್ಲ, ಉಬ್ಬಿದ ಮರದ ನಾರು ಅದಕ್ಕೆ ಒತ್ತಿ ಜಜ್ಜಿಹೋಗುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಸಡಿಲ, ಸಾಲದ್ದಕ್ಕೆ ಒಳಗೆ ತುಕ್ಕು.

ರಿವೆಟ್ ಬಡಿಸಿ ಬಿಗಿ ಮಾಡಿಸಿ. ಮರ ಸೀಳಿದ್ದರೆ ಹಿಡಿಯನ್ನೇ ಬದಲಿಸಿ. ಆಮೇಲೆ ಪೇಂಟ್ ಅಂಗಡಿಯಲ್ಲಿ ಸಿಗುವ ಬಾಯಿಲ್ಡ್ ಲಿನ್‌ಸೀಡ್ ಆಯಿಲ್, ಅಂದರೆ ಬೇಗ ಒಣಗುವ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, 15 ನಿಮಿಷ ಬಿಟ್ಟು ಒರೆಸಿ. ಪೂರ್ತಿ ಒಣಗಿದ ಮೇಲೆ ಇನ್ನೆರಡು ಸಲ. ಕೊಬ್ಬರಿ ಎಣ್ಣೆ ಬೇಡ, ಅದು ಒಣಗಿ ಗಟ್ಟಿಯಾಗುವುದಿಲ್ಲ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು; ಹೊರಗೆ ಹರಡಿ ಒಣಗಿಸಿ.